ಕಾರ್ಡು ಕೈಸೇರುವ ಮೊದಲೇ ಊರಿಗೆ ಬಂದವರು: ಕೆನಡಾದ ಹೊಸ ನಿವಾಸಿಗಳ ಮರುಪ್ರವೇಶದ ವಿಚಾರ

2022ನೆಯ ಇಸವಿಯ ಕಾರ್ತಿಕ ಮಾಸದಲ್ಲಿ ದಾವಣಗೆರೆ ಸೀಮೆಯ ಒಂದು ಹಳ್ಳಿಗೆ, ಬಹುಕಾಲದಿಂದ ಬಳಕೆಯಿರುವ ಒಂದು ಮನೆಗೆ, ದುಃಖ ವಿಚಾರಿಸಲು ಹೋಗಿದ್ದೆನು. ಮನೆಯ ಯಜಮಾನರು ತೀರಿಕೊಂಡು ಹದಿನೆಂಟು ದಿನಗಳಾಗಿದ್ದವು. ಹಿರಿಯ ಮಗನು ಕೆನಡಾ ದೇಶದ ಟೊರಾಂಟೊ ನಗರದ ಸಮೀಪದಲ್ಲಿ ಉದ್ಯೋಗಿ. ತಂದೆಗೆ ಲಕ್ವ ಹೊಡೆದ ಸುದ್ದಿ ತಲುಪಿದ ಮರುದಿನವೇ ವಿಮಾನ ಹತ್ತಿ ಬಂದವನು. ತಂದೆಯ ಕೊನೆಯ ನಾಲ್ಕು ದಿನಗಳಲ್ಲಿ ಹಾಸಿಗೆಯ ಬಳಿಯಿಂದ ಕದಲದೆ ಸೇವೆ ಮಾಡಿದವನು. ಕಾರ್ಯಗಳೆಲ್ಲ ಮುಗಿದು ಅವನು ಹಿಂದಿರುಗಿರಬೇಕಾಗಿತ್ತು. ಆದರೆ ನಾನು ಹೋದಾಗ ಪಡಸಾಲೆಯ ಕಂಬಕ್ಕೆ ಒರಗಿ ಕುಳಿತಿದ್ದನು. ಎರಡು ದಿನಗಳ ಹಿಂದೆ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಅವನನ್ನು ವಿಮಾನಕ್ಕೆ ಹತ್ತಿಸಿಕೊಳ್ಳದೆ ಹಿಂದಕ್ಕೆ ಕಳುಹಿಸಿದ್ದರು.

ಅವನ ತಾಯಿ ಕಣ್ಣೊರಸಿಕೊಳ್ಳುತ್ತ, “ಗುರುಗಳೇ, ಇವನಿಗೆ ಅಲ್ಲಿ ಇರುವ ಹಕ್ಕೇ ಹೋಯಿತಂತೆ. ಅಪ್ಪನ ಮುಖ ನೋಡಲು ಬಂದದ್ದೇ ತಪ್ಪಾಯಿತೇ?” ಎಂದು ಕೇಳಿದರು. ಹಕ್ಕು ಹೋಯಿತೆಂದು ಅವರಿಗೆ ಹೇಳಿದವರು ಊರಿನ ಯಾರೋ ಬಲ್ಲವರು. ಮಗನಿಗೂ ಆ ಸಂಶಯ ಅಂಟಿಕೊಂಡಿತ್ತು. ಅವನು ಎರಡು ರಾತ್ರಿ ನಿದ್ರೆ ಮಾಡಿರಲಿಲ್ಲ. ಆತನ ಬಳಿಯಿದ್ದ ಪತ್ರಗಳನ್ನು ನೋಡಿ, ಆ ದೇಶದ ಕಾಯಿದೆಯ ಪ್ರತಿಯನ್ನು ಅವನಿಂದಲೇ ತರಿಸಿಕೊಂಡು ಓದಿದ ಮೇಲೆ ನನಗೆ ತಿಳಿದುಬಂದ ಸಂಗತಿಗಳನ್ನು ಓದುಗ ಬಂಧುಗಳ ಮುಂದಿಡುವುದು ಉಚಿತವೆಂದು ತೋರಿತು. ಏಕೆಂದರೆ ಇಂದು ನಮ್ಮ ಅನೇಕ ಮನೆಗಳ ಒಂದು ಕುಡಿ ಟೊರಾಂಟೊ, ವ್ಯಾಂಕೂವರ್, ಕ್ಯಾಲ್ಗರಿಗಳಲ್ಲಿ ಬೇರು ಬಿಡುತ್ತಿದೆ. ತಂದೆ-ತಾಯಿಗಳ ಅನಾರೋಗ್ಯವು ಕಾಗದಪತ್ರಗಳು ಸಿದ್ಧವಾಗುವ ತನಕ ಕಾಯುವುದಿಲ್ಲ.

ಹಕ್ಕು ಯಾವುದು, ಅದರ ಗುರುತು ಯಾವುದು

ನಮ್ಮ ಹುಡುಗರು ‘ಪಿ.ಆರ್.’ ಎಂದು ಚುಟುಕಾಗಿ ಕರೆಯುವ ಸ್ಥಾನಕ್ಕೆ ಕನ್ನಡದಲ್ಲಿ ಶಾಶ್ವತ ನಿವಾಸಿ ಎನ್ನಬಹುದು. ಶಾಶ್ವತ ನಿವಾಸಿಯು ಆ ದೇಶದ ಪ್ರಜೆಯಲ್ಲ. ಭಾರತದ ಪಾಸ್‌ಪೋರ್ಟನ್ನೇ ಇಟ್ಟುಕೊಂಡಿರುತ್ತಾನೆ. ಆದರೆ ಅಲ್ಲಿ ನೆಲೆಸುವ, ದುಡಿಯುವ, ಹೊರಗೆ ಹೋಗಿ ಮರಳಿ ಪ್ರವೇಶಿಸುವ ಹಕ್ಕು ಅವನಿಗುಂಟು. ಈ ಸ್ಥಾನವು ಅರ್ಜಿ ಮಂಜೂರಾದೊಡನೆ ಬರುವುದಿಲ್ಲ. ಮಂಜೂರಾದ ಬಳಿಕ ದೊರೆಯುವ ‘ಶಾಶ್ವತ ನಿವಾಸದ ದೃಢೀಕರಣ ಪತ್ರ’ವನ್ನು ಹಿಡಿದು ಗಡಿಯ ಅಧಿಕಾರಿಯ ಮುಂದೆ ನಿಂತು, ಅವನು ಅಂಗೀಕರಿಸಿದ ಗಳಿಗೆಯಲ್ಲಿ ಬರುತ್ತದೆ. ಈಗಾಗಲೇ ಕೆನಡಾದಲ್ಲಿಯೇ ಇರುವವರಿಗೆ ಈಚಿನ ವರ್ಷಗಳಲ್ಲಿ ಇದೇ ವಿಧಿ ಕಂಪ್ಯೂಟರಿನ ಮೂಲಕವೂ ನಡೆಯುತ್ತಿದೆ. ಆ ದಿನದಿಂದಲೇ ಅವನು ಶಾಶ್ವತ ನಿವಾಸಿ. ಭಾವಚಿತ್ರವುಳ್ಳ ಪುಟ್ಟ ಕಾರ್ಡು ಮಾತ್ರ ಆಮೇಲೆ, ಕೆಲವು ವಾರಗಳೋ ತಿಂಗಳುಗಳೋ ಕಳೆದು, ಅಂಚೆಯಲ್ಲಿ ಬರುತ್ತದೆ.

ಕಂಟಕವಿರುವುದು ಈ ನಡುವಿನ ಅವಧಿಯಲ್ಲಿ. ನಮ್ಮ ತರ್ಕಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ ಪ್ರಮೇಯವು ಸಿದ್ಧವಾಗಿದೆ, ಪ್ರಮಾಣವು ಇನ್ನೂ ದಾರಿಯಲ್ಲಿದೆ. ಹೊಗೆ ಕಾಣಲಿಲ್ಲವೆಂದ ಮಾತ್ರಕ್ಕೆ ಬೆಂಕಿಯಿಲ್ಲವೆನ್ನಲಾಗದು. ಆದರೆ ದೂರದಲ್ಲಿ ನಿಂತವನು ಹೊಗೆಯನ್ನೇ ಕೇಳುತ್ತಾನೆ.

ಈ ಕಾರ್ಡಿನ ಪದ್ಧತಿ ಬಹಳ ಹಳೆಯದೇನೂ ಅಲ್ಲ. ಮೊದಲು ವಲಸೆ ಹೋದವರಿಗೆ ಅಲ್ಲಿ ಇಳಿದ ದಾಖಲೆಯೆಂದು ಒಂದು ಕಾಗದವನ್ನು ಕೊಡುತ್ತಿದ್ದರು. ಅದನ್ನು ಪಾಸ್‌ಪೋರ್ಟಿನೊಡನೆ ಮಡಿಸಿಟ್ಟುಕೊಂಡೇ ಜನ ವರ್ಷಗಟ್ಟಲೆ ಓಡಾಡಿದರು. 2001ರಲ್ಲಿ ಅಂಗೀಕೃತವಾಗಿ 2002ರ ಜೂನ್ 28ರಂದು ಜಾರಿಗೆ ಬಂದ ವಲಸೆ ಮತ್ತು ನಿರಾಶ್ರಿತರ ರಕ್ಷಣಾ ಕಾಯಿದೆಯೊಡನೆ ಕಾರ್ಡು ಬಂದಿತು. 2003ರ ಡಿಸೆಂಬರ್ 31ರ ನಂತರ ವಿಮಾನ, ರೈಲು, ಬಸ್ಸು, ಹಡಗು ಮುಂತಾದ ಬಾಡಿಗೆಯ ಸಾರಿಗೆಯಲ್ಲಿ ಕೆನಡಾಕ್ಕೆ ಬರುವ ಶಾಶ್ವತ ನಿವಾಸಿಗೆ ಅದು ಕಡ್ಡಾಯವಾಯಿತು. ಅಮೆರಿಕದಲ್ಲಿ 2001ರ ಸೆಪ್ಟೆಂಬರಿನಲ್ಲಿ ನಡೆದ ಅನಾಹುತದ ತರುವಾಯ ಎಲ್ಲ ದೇಶಗಳೂ ಬಾಗಿಲುಗಳನ್ನು ಬಿಗಿಮಾಡಿಕೊಂಡ ಕಾಲವದು. ಆ ಮೊದಲು ಹೋದ ಹಿರಿಯರು ಇಂದಿನ ಹುಡುಗರಿಗೆ, “ನಾವು ಕಾಗದ ತೋರಿಸಿಯೇ ಬರುತ್ತಿದ್ದೆವು, ಏನೂ ಆಗುವುದಿಲ್ಲ” ಎಂದು ಧೈರ್ಯ ಹೇಳುವುದುಂಟು. ಅವರು ಹೇಳುವುದು ಅವರ ಕಾಲಕ್ಕೆ ಸತ್ಯ. ಈ ಹುಡುಗನೂ ಅಂಥ ಒಬ್ಬ ಹಿರಿಯರ ಮಾತನ್ನು ನಂಬಿಯೇ ಹೊರಟಿದ್ದನು.

ಕಾಯಿದೆಯ ಎರಡು ಮುಖಗಳು

ಕಾಯಿದೆಯನ್ನು ಓದುವಾಗ ನನ್ನ ಗಮನ ಸೆಳೆದದ್ದು ಅದರ ಎರಡು ಮುಖಗಳು. ಶಾಶ್ವತ ನಿವಾಸಿಗೆ ಕೆನಡಾವನ್ನು ಪ್ರವೇಶಿಸುವ ಮತ್ತು ಅಲ್ಲಿ ಉಳಿಯುವ ಹಕ್ಕಿದೆಯೆಂದು 27ನೆಯ ವಿಧಿ ಸಾರುತ್ತದೆ. ಗಡಿಗೆ ಬಂದವನು ಶಾಶ್ವತ ನಿವಾಸಿಯೆಂದು ವಿಚಾರಣೆಯಿಂದ ಮನವರಿಕೆಯಾದರೆ ಅಧಿಕಾರಿಯು ಅವನನ್ನು ಒಳಗೆ ಬಿಡಲೇಬೇಕೆಂದು 19ನೆಯ ವಿಧಿ ವಿಧಿಸುತ್ತದೆ. ಕಾರ್ಡು ಇರಲೇಬೇಕೆಂಬ ಮಾತು ಅಲ್ಲಿಲ್ಲ. ಶಾಶ್ವತ ನಿವಾಸಿಯ ಸ್ಥಾನವು ಯಾವ ಯಾವ ಕಾರಣಗಳಿಂದ ಕಳೆದುಹೋಗುತ್ತದೆಂಬುದನ್ನು 46ನೆಯ ವಿಧಿಯಲ್ಲಿ ಹೇಳಿದೆ: ಪ್ರಜೆಯಾದಾಗ, ತಾನಾಗಿ ತ್ಯಜಿಸಿದಾಗ, ವಾಸದ ನಿಯಮವನ್ನು ಪಾಲಿಸಲಿಲ್ಲವೆಂದು ಅಂತಿಮವಾಗಿ ನಿರ್ಣಯವಾದಾಗ, ಗಡೀಪಾರಿನ ಆಜ್ಞೆ ಜಾರಿಯಾದಾಗ, ಹೀಗೆ. ಕಾರ್ಡು ಬಂದಿಲ್ಲ, ಕಳೆಯಿತು, ಅವಧಿ ಮುಗಿಯಿತು ಎಂಬುದು ಆ ಪಟ್ಟಿಯಲ್ಲಿ ಎಲ್ಲಿಯೂ ಇಲ್ಲ. ಆ ತಾಯಿಗೆ ನಾನು ಮೊದಲು ಹೇಳಿದ್ದು ಇದನ್ನೇ. ಹಕ್ಕು ಹೋಗಿರಲಿಲ್ಲ.

ಇನ್ನೊಂದು ಮುಖವು 31ನೆಯ ವಿಧಿಯಲ್ಲಿದೆ. ಕೆನಡಾದ ಹೊರಗಿರುವವನು ತನ್ನ ಸ್ಥಾನವನ್ನು ತೋರಿಸುವ ಪತ್ರವನ್ನು ಹಾಜರುಪಡಿಸದಿದ್ದರೆ, ಅಧಿಕಾರಿಯು ಬೇರೆ ರೀತಿ ನಿರ್ಣಯಿಸುವ ತನಕ, ಅವನು ಶಾಶ್ವತ ನಿವಾಸಿಯಲ್ಲವೆಂದೇ ಭಾವಿಸತಕ್ಕದ್ದು. ಒಳಗಿದ್ದಾಗ ಹಕ್ಕುಳ್ಳವನು, ಹೊರಗೆ ಕಾಲಿಟ್ಟರೆ, ಗುರುತು ತೋರಿಸುವವರೆಗೆ, ಹಕ್ಕಿಲ್ಲದವನೆಂಬ ಊಹೆ. ಇದರ ಮೇಲೆ 148ನೆಯ ವಿಧಿಯು ತಕ್ಕ ಪತ್ರಗಳಿಲ್ಲದವರನ್ನು ಕೆನಡಾಕ್ಕೆ ಕರೆತರಕೂಡದೆಂದು ವಿಮಾನ ಸಂಸ್ಥೆಗಳನ್ನು ನಿರ್ಬಂಧಿಸುತ್ತದೆ. ತಂದರೆ ಸಂಸ್ಥೆಯವರೇ ಹಣ ತೆರಬೇಕು, ಪ್ರಯಾಣಿಕನನ್ನು ಹಿಂದಕ್ಕೊಯ್ಯುವ ಹೊರೆಯನ್ನೂ ಹೊರಬೇಕಾಗಬಹುದು.

ಆದ್ದರಿಂದ ಪ್ರಶ್ನೆಯು ಕೆನಡಾದ ಗಡಿಯಲ್ಲಿ ಏಳುವುದೇ ಇಲ್ಲ. ಸಾವಿರಾರು ಕಿಲೋಮೀಟರುಗಳ ದಾರಿಯ ಈಚೆಗೆ, ನಮ್ಮ ವಿಮಾನ ನಿಲ್ದಾಣದ ಕೌಂಟರಿನಲ್ಲಿಯೇ ಏಳುತ್ತದೆ. ಅಲ್ಲಿ ಕುಳಿತ ಹುಡುಗಿ ವಲಸೆ ಅಧಿಕಾರಿಯಲ್ಲ. ಹಕ್ಕನ್ನು ವಿಚಾರಿಸಿ ತೀರ್ಮಾನಿಸುವ ಅಧಿಕಾರ ಅವಳಿಗಿಲ್ಲ. ಪಟ್ಟಿಯಲ್ಲಿರುವ ಪತ್ರ ಇದೆಯೋ ಇಲ್ಲವೋ ಎಂಬುದಷ್ಟೇ ಅವಳ ಕೆಲಸ. ನಮ್ಮ ಹುಡುಗನು ದೃಢೀಕರಣ ಪತ್ರವನ್ನು ತೋರಿಸಿದನು. ಉದ್ಯೋಗದ ಪತ್ರ, ಮನೆಬಾಡಿಗೆಯ ಕರಾರು, ಕೊನೆಗೆ ತಂದೆಯ ಮರಣಪತ್ರವನ್ನೂ ತೋರಿಸಿದನು. ಅವಳು ಎಲ್ಲವನ್ನೂ ನೋಡಿ, ಮೇಲಿನವರನ್ನು ಕರೆಸಿ ಕೇಳಿ, “ಸರ್, ಕಾರ್ಡು ಇಲ್ಲವೆ ಪ್ರಯಾಣ ಪತ್ರ, ಎರಡರಲ್ಲಿ ಒಂದು ಬೇಕು” ಎಂದು ಮೆಲ್ಲಗೆ ಹೇಳಿದಳಂತೆ. ಅವನಿಗೆ ಆ ಕ್ಷಣದಲ್ಲಿ ಅವಳ ಮೇಲೆ ಬಹಳ ಕೋಪ ಬಂದಿತ್ತು. ಆದರೆ ಅವಳದು ತಪ್ಪಲ್ಲ.

ಹಳೆಯ ವೀಸಾ ಒಂದು ಪಾಸ್‌ಪೋರ್ಟಿನಲ್ಲಿದೆಯಲ್ಲಾ, ಅದನ್ನು ತೋರಿಸಬಹುದಲ್ಲವೇ ಎಂದು ಅವನ ತಮ್ಮ ಕೇಳಿದನು. ಓದಲು ಅಥವಾ ದುಡಿಯಲು ಮೊದಲು ಹೋದಾಗ ಕೊಟ್ಟ ವೀಸಾ ಅದು. ಮೇಲ್ನೋಟಕ್ಕೆ ಅವಧಿ ಇನ್ನೂ ಇರುವಂತೆ ಕಾಣುತ್ತದೆ. ಶಾಶ್ವತ ನಿವಾಸಿಯಾದ ಮೇಲೆ ಅವನು ತಾತ್ಕಾಲಿಕ ಸಂದರ್ಶಕನಲ್ಲ. ಆ ವೀಸಾವನ್ನು ನೆಚ್ಚಿ ಹೊರಡುವುದು, ಗಡಿಯಲ್ಲಿ ತನ್ನ ಸ್ಥಾನವನ್ನು ಮರೆಮಾಚಿ ಮಾತನಾಡುವುದು ಸಲ್ಲದು. ವಲಸೆಯ ವಿಚಾರದಲ್ಲಿ ಒಂದು ಸುಳ್ಳು ಹೇಳಿದರೆ, ಯಾವ ಅಪರಾಧವೂ ಇಲ್ಲದವನು ಅಪರಾಧಿಯ ಸ್ಥಾನದಲ್ಲಿ ನಿಲ್ಲಬೇಕಾದೀತು.

ಪ್ರಯಾಣ ಪತ್ರವೆಂಬ ದಾರಿ

ಹಾಗಾದರೆ ಹೊರಗಿರುವವನ ಗತಿಯೇನು? ಅದೇ 31ನೆಯ ವಿಧಿಯು ಇದಕ್ಕೆ ದಾರಿಯನ್ನೂ ತೋರಿಸಿದೆ. ಕಾರ್ಡಿಲ್ಲದೆ ಹೊರಗಿರುವ ಶಾಶ್ವತ ನಿವಾಸಿಗೆ, ಅವನು ವಾಸದ ನಿಯಮವನ್ನು ಪಾಲಿಸಿದ್ದಾನೆಂದು ಕಂಡುಬಂದರೆ, ಪ್ರಯಾಣ ಪತ್ರವನ್ನು ಕೊಡಬೇಕು. ಇದು ಪಾಸ್‌ಪೋರ್ಟಿನಲ್ಲಿ ಅಂಟಿಸುವ ಚೀಟಿ. ಸಾಮಾನ್ಯವಾಗಿ ಒಂದು ಸಲದ ಪ್ರವೇಶಕ್ಕೆ. ಅರ್ಜಿಯ ಶುಲ್ಕ 50 ಕೆನಡಾ ಡಾಲರು. ಇದನ್ನು ಕೆನಡಾದ ಹೊರಗಿನಿಂದ ಮಾತ್ರ ಕೋರಬಹುದಾದ್ದರಿಂದ, ಹೊರಡುವ ಮುನ್ನವೇ ಅಲ್ಲಿಂದ ಪಡೆದುಕೊಂಡು ಬರುವ ಸೌಕರ್ಯವಿಲ್ಲ.

ವಾಸದ ನಿಯಮವೆಂದರೆ ಪ್ರತಿ ಐದು ವರ್ಷಗಳ ಅವಧಿಯಲ್ಲಿ 730 ದಿನಗಳು ಕೆನಡಾದಲ್ಲಿ ಇರುವುದು. ಹೊಸಬನಿಗೆ ಇದು ಗಾಬರಿ ಹುಟ್ಟಿಸುತ್ತದೆ. “ನಾನು ಇಳಿದು ಇಪ್ಪತ್ತು ದಿನವಾಗಿಲ್ಲ, 730 ದಿನಗಳನ್ನು ಎಲ್ಲಿಂದ ತರಲಿ?” ಎಂಬುದು ಅವನ ಪ್ರಶ್ನೆ. ಕಾಯಿದೆಯು ಅವನನ್ನು ಹಾಗೆ ಕೇಳುವುದಿಲ್ಲ. ಶಾಶ್ವತ ನಿವಾಸಿಯಾಗಿ ಐದು ವರ್ಷ ತುಂಬದವನು, ತುಂಬುವುದರೊಳಗೆ ಅಷ್ಟು ದಿನಗಳನ್ನು ಪೂರೈಸಬಲ್ಲನೆಂದು ತೋರಿಸಿದರೆ ಸಾಕು. ಹೊಸದಾಗಿ ಸ್ಥಾನ ಪಡೆದು ಒಂದೆರಡು ತಿಂಗಳೊಳಗೆ ಊರಿಗೆ ಬಂದವನಿಗೆ ಈ ಲೆಕ್ಕವು ಎಂದೂ ತೊಡಕಲ್ಲ. ಅರ್ಜಿ ತಿರಸ್ಕೃತವಾದರೂ ವಾಸದ ನಿಯಮದ ಕುರಿತ ನಿರ್ಣಯದ ಮೇಲೆ ಅಲ್ಲಿನ ಮೇಲ್ಮನವಿ ಮಂಡಳಿಗೆ 60 ದಿನಗಳೊಳಗೆ ಮೊರೆಹೋಗಬಹುದು. ಆದರೆ ಹೊಸಬರ ಪ್ರಕರಣಗಳು ಅಲ್ಲಿಯವರೆಗೆ ಹೋಗಬೇಕಾದ ಕಾರಣವಿಲ್ಲ.

ತೊಡಕಿರುವುದು ಕಾಲದಲ್ಲಿ. ಪ್ರಯಾಣ ಪತ್ರವು ನಾಳೆಯೇ ದೊರೆಯುವ ವಸ್ತುವಲ್ಲ. ಆದುದರಿಂದ ಕಾರ್ಡಿಲ್ಲದೆ ಬಂದವನು ಹಿಂದಿರುಗುವ ವಾರದಲ್ಲಿ ಎಚ್ಚರಗೊಳ್ಳದೆ, ಊರು ತಲುಪಿದ ಒಂದೆರಡು ದಿನಗಳಲ್ಲಿಯೇ ಅರ್ಜಿ ಹಾಕತಕ್ಕದ್ದು. ತಂದೆ ಹಾಸಿಗೆ ಹಿಡಿದಿರುವಾಗ ಅರ್ಜಿ ಬರೆಯುತ್ತ ಕೂರುವುದು ನಿರ್ದಯವೆಂದು ಮನೆಯವರಿಗೆ ತೋರಬಹುದು. ಹಾಗೆಂದೇ ಈ ಹುಡುಗನೂ ಸುಮ್ಮನಿದ್ದನು. ಅಂಥ ಹೊತ್ತಿನಲ್ಲಿ ತಮ್ಮನೋ ಭಾವನೋ ಆ ಕೆಲಸಕ್ಕೆ ಹೆಗಲು ಕೊಡಬಹುದು. ಮನೆಯಲ್ಲಿ ಮರಣ ಅಥವಾ ತೀವ್ರ ಅನಾರೋಗ್ಯವಿದ್ದರೆ ಬೇಗನೆ ಪರಿಶೀಲಿಸಬೇಕೆಂದು ಕೋರಬಹುದು. ವೈದ್ಯರ ಪತ್ರ, ಟಿಕೆಟ್ಟು ಮುಂತಾದ ಆಧಾರಗಳನ್ನು ಜೊತೆಗಿಡಬೇಕು. ಕೋರಿದವರಿಗೆಲ್ಲ ಬೇಗ ದೊರೆತೇ ದೊರೆಯುವುದೆಂಬ ಖಾತರಿಯಿಲ್ಲ. ಇದಕ್ಕಾಗಿ ಪಾಸ್‌ಪೋರ್ಟನ್ನು ಒಪ್ಪಿಸಬೇಕಾಗುವುದರಿಂದ ಆ ನಡುವೆ ಬೇರೆಲ್ಲಿಗೂ ವಿದೇಶ ಪ್ರಯಾಣ ಮಾಡಲಾಗದು.

ಅಮೆರಿಕದ ಗಡಿಯ ದಾರಿ

ಎರಡನೆಯ ದಾರಿಯೊಂದುಂಟು. ಅಲ್ಲಿರುವ ನಮ್ಮ ಹುಡುಗರೆಲ್ಲ ಅದನ್ನು ಬಲ್ಲರು. ಊರಿನಲ್ಲಿರುವ ನಮಗೆ ಕೇಳಿದಾಗ ವಿಚಿತ್ರವೆನಿಸುತ್ತದೆ. ಕಾರ್ಡಿನ ಕಡ್ಡಾಯವು ಬಾಡಿಗೆಯ ಸಾರಿಗೆಗೆ ಮಾತ್ರ. ಸ್ವಂತದ, ಎರವಲು ಪಡೆದ ಅಥವಾ ಬಾಡಿಗೆಗೆ ಹಿಡಿದು ತಾನೇ ನಡೆಸುವ ಖಾಸಗಿ ಕಾರಿನಲ್ಲಿ ಅಮೆರಿಕದ ಕಡೆಯಿಂದ ಭೂಗಡಿಗೆ ಬಂದವನನ್ನು ತಡೆಯುವ ಕೌಂಟರು ನಡುವೆ ಇಲ್ಲ. ನೇರವಾಗಿ ಅಧಿಕಾರಿಯೇ ಎದುರಾಗುತ್ತಾನೆ. ಅಲ್ಲಿ 19ನೆಯ ವಿಧಿಯ ಮಾತು ಜೀವ ತಳೆಯುತ್ತದೆ. ಪಾಸ್‌ಪೋರ್ಟು ಮತ್ತು ದೃಢೀಕರಣ ಪತ್ರವನ್ನು ಕೊಟ್ಟು, ಇದ್ದದ್ದನ್ನು ಇದ್ದಂತೆ ಹೇಳಿದರೆ, ಅವನು ತನ್ನ ಕಡತದಲ್ಲಿ ನೋಡಿ ಒಳಗೆ ಬಿಡುತ್ತಾನೆ.

ನಯಾಗರದ ಸಮೀಪ ಬಫಲೋ ನಗರವನ್ನೂ ಆಚೆಯ ಫೋರ್ಟ್ ಈರಿಯನ್ನೂ ಜೋಡಿಸುವ ಪೀಸ್ ಬ್ರಿಜ್ ಎಂಬ ಸೇತುವೆಯು 1927ರಿಂದ ಇದೆ. ಶಾಂತಿಯ ಸೇತುವೆಯೆಂದು ಅದರ ಅರ್ಥ. ಪಶ್ಚಿಮದ ತುದಿಯಲ್ಲಿ ಬ್ಲೇನ್ ಮತ್ತು ಸರ್ರೆ ಊರುಗಳ ನಡುವೆ 1921ರಲ್ಲಿ ಕಟ್ಟಿ ಮುಗಿಸಿದ ಪೀಸ್ ಆರ್ಚ್ ಎಂಬ ಬಿಳಿಯ ಕಮಾನು ನಿಂತಿದೆ. ಟೊರಾಂಟೊ ಕಡೆಯವರು ಮೊದಲಿನದನ್ನೂ ವ್ಯಾಂಕೂವರ್ ಕಡೆಯವರು ಎರಡನೆಯದರ ಬಳಿಯ ದಾರಿಗಳನ್ನೂ ಹಿಡಿಯುತ್ತಾರೆ. ಕೆನಡಾದಿಂದ ಸ್ನೇಹಿತನೊಬ್ಬನು ಕಾರು ತಂದು ಬಫಲೋದಿಂದ ಕರೆದೊಯ್ಯುವುದು ರೂಢಿ. ಅದೇ ದಾರಿಯಲ್ಲಿ ಬಸ್ಸು ಹತ್ತಿದರೆ ಮತ್ತೆ ಕಾರ್ಡಿನ ಪ್ರಶ್ನೆ ಬರುತ್ತದೆ; ಬಸ್ಸೂ ಬಾಡಿಗೆಯ ಸಾರಿಗೆಯೇ.

ಆದರೆ ಈ ದಾರಿ ಅಮೆರಿಕದ ವೀಸಾ ಉಳ್ಳವರಿಗೆ ಮಾತ್ರ. ಭಾರತದ ಪಾಸ್‌ಪೋರ್ಟುಳ್ಳವನಿಗೆ ಅದು ಬೇಕೇ ಬೇಕು. ಹೊಸದಾಗಿ ಪಡೆಯಲು ಹೊರಟರೆ ಸಂದರ್ಶನದ ದಿನಕ್ಕೇ ತಿಂಗಳುಗಟ್ಟಲೆ ಕಾಯಬೇಕಾಗಬಹುದು. ನಾನು ಹೇಳುತ್ತಿರುವ ಹುಡುಗನಲ್ಲಿ ಅಮೆರಿಕದ ವೀಸಾ ಇರಲಿಲ್ಲ. ಅವನ ಪಾಲಿಗೆ ಶಾಂತಿಯ ಸೇತುವೆ ಚಿತ್ರದಲ್ಲಿ ಮಾತ್ರ ಇತ್ತು.

ನಡುವೆ ವಿಮಾನ ಬದಲಿಸುವ ದೇಶಗಳ ನಿಯಮವನ್ನೂ ನೋಡಿಕೊಳ್ಳಬೇಕು. ಬೆಂಗಳೂರಿನಿಂದ ಹೊರಟವನು ಲಂಡನ್ನಿನಲ್ಲಿಯೋ ಫ್ರಾಂಕ್‌ಫರ್ಟಿನಲ್ಲಿಯೋ ವಿಮಾನ ಬದಲಿಸುವಾಗ, ಕೆನಡಾದ ಕಾರ್ಡು ಕೈಯಲ್ಲಿದ್ದರೆ ಸಿಗುವ ವಿನಾಯಿತಿ ಇಲ್ಲದಿದ್ದರೆ ಸಿಗದೆ ಹೋಗಬಹುದು. ಟಿಕೆಟ್ಟು ಕೊಳ್ಳುವ ಮೊದಲೇ ಇದನ್ನು ಕೇಳಿ ತಿಳಿಯುವುದು ಲೇಸು.

ಇಳಿದು ಮರಳುವವರು, ಬಾಣಂತನಕ್ಕೆ ಬರುವವರು

ಮರಣ, ಕಾಯಿಲೆಗಳ ಹೊರತಾಗಿಯೂ ಕಾರ್ಡಿಲ್ಲದೆ ಹೊರಗಿರುವವರು ನಮ್ಮಲ್ಲಿ ಬಹಳ. ದೃಢೀಕರಣ ಪತ್ರಕ್ಕೆ ಒಂದು ಗಡುವು ಇರುತ್ತದೆ. ವೈದ್ಯಕೀಯ ಪರೀಕ್ಷೆಯ ಅಥವಾ ಪಾಸ್‌ಪೋರ್ಟಿನ ಅವಧಿಯನ್ನು ಅನುಸರಿಸಿ ಅದನ್ನು ಗೊತ್ತುಮಾಡುತ್ತಾರೆ. ಮಕ್ಕಳ ಶಾಲೆಯ ವರ್ಷ ಮುಗಿದಿಲ್ಲ, ಮನೆ ಮಾರಿಲ್ಲ, ನೌಕರಿಗೆ ರಾಜೀನಾಮೆ ಕೊಟ್ಟಿಲ್ಲ. ಗಡುವು ಮೀರಬಾರದೆಂದು ಸಂಸಾರ ಸಮೇತ ಹೋಗಿ, ಹತ್ತು ದಿನ ಇದ್ದು, ಸ್ಥಾನವನ್ನು ಪಡೆದು ಮರಳುವವರು ಇವರು. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಇಳಿದ ದಿನ ಅಲ್ಲಿನ ಒಂದು ವಿಳಾಸವನ್ನು ಕೊಡಬೇಕು. ಕಾರ್ಡು ಕೆನಡಾದ ವಿಳಾಸಕ್ಕೆ ಮಾತ್ರ ಹೋಗುತ್ತದೆ. 180 ದಿನಗಳೊಳಗೆ ವಿಳಾಸ ಕೊಡದಿದ್ದರೆ ಬೇರೆ ಅರ್ಜಿ ಹಾಕಿ, ಶುಲ್ಕ ತೆತ್ತು ಪಡೆಯಬೇಕಾಗುತ್ತದೆ. ನಂಬಿಕೆಯ ಬಂಧುಗಳ ಮನೆಯ ವಿಳಾಸ ಕೊಟ್ಟು, ಅವರ ಮೂಲಕ ಇಲ್ಲಿಗೆ ತರಿಸಿಕೊಂಡವರನ್ನು ನಾನು ಬಲ್ಲೆ. ಹಾದಿಯಲ್ಲಿ ಲಕೋಟೆ ಕಳೆದರೆ ಮತ್ತೆ ಪ್ರಯಾಣ ಪತ್ರವೇ ಗತಿ. ಕಾರ್ಡು ಕುಟುಂಬಕ್ಕೆ ಒಂದಲ್ಲ; ಕಂಕುಳ ಕೂಸಿಗೂ ಬೇರೆಯೇ ಬೇಕು. ನಾಲ್ವರ ಮನೆಯಲ್ಲಿ ಮೂರು ಬಂದು ಒಂದು ಬರದೆ, ತಾಯಿಯೊಬ್ಬಳು ಕಿರಿಯ ಮಗುವಿನೊಡನೆ ಇಲ್ಲಿಯೇ ಉಳಿದ ಉದಾಹರಣೆ ನಮ್ಮ ಪರಿಚಯದಲ್ಲಿಯೇ ಇದೆ.

ಇದರ ಜೊತೆಗೆ ಹೆಣ್ಣು ಹೆತ್ತವರಿಗೆ ಒಂದು ಮಾತು. ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರಬೇಕೆಂಬುದು ನಮ್ಮಲ್ಲಿ ಪದ್ಧತಿ. ಆ ಆಸೆ ಸಹಜವಾದದ್ದು. ಆದರೆ ತಂದೆ-ತಾಯಿ ಇಬ್ಬರೂ ಶಾಶ್ವತ ನಿವಾಸಿಗಳಾಗಿದ್ದು, ಪ್ರಜೆಗಳಲ್ಲದಿದ್ದರೆ, ಇಲ್ಲಿ ಹುಟ್ಟಿದ ಕೂಸು ಆ ದೇಶದ ಪ್ರಜೆಯೂ ಅಲ್ಲ, ಶಾಶ್ವತ ನಿವಾಸಿಯೂ ಅಲ್ಲ. ತಾಯಿಯ ಕೈಯಲ್ಲಿ ಕಾರ್ಡಿದ್ದರೂ ಕೂಸಿಗಾಗಿ ಹೊಸದಾಗಿ ಅರ್ಜಿ ಹಾಕಿ ಕಾಯಬೇಕು. ಅದೇ ಕೂಸು ಅಲ್ಲಿ ಹುಟ್ಟಿದರೆ ಹುಟ್ಟಿನಿಂದಲೇ ಪ್ರಜೆ. ಮಗಳನ್ನು ಕರೆತರುವ ಬದಲು ತಾಯಿಯೇ ಅಲ್ಲಿಗೆ ಹೋಗಿ ಬಾಣಂತನ ಮಾಡಿ ಬರುವ ಮನೆಗಳು ಈಗ ಹೆಚ್ಚುತ್ತಿರುವುದಕ್ಕೆ ಇದೂ ಒಂದು ಕಾರಣವಿರಬೇಕು.

ಮತ್ತೆ ಆ ಮನೆಯ ವಿಷಯ. ತಾಯಿಗೆ ನಾನು ಕಾಯಿದೆಯ ವಿಧಿಗಳನ್ನೇನೂ ವಿವರಿಸಲಿಲ್ಲ. “ತಾಯಿ, ಹೊಲ ನಿಮ್ಮದೇ ಇದೆ, ಪಹಣಿ ಮಾತ್ರ ಕೈಗೆ ಬಂದಿಲ್ಲ” ಎಂದೆನು. ಅವರಿಗೆ ಒಡನೆ ತಿಳಿಯಿತು. ಪಹಣಿಗಾಗಿ ತಾಲ್ಲೂಕು ಕಚೇರಿಗೆ ಅಲೆದವರು ಅವರು. ಹುಡುಗನು ಅಂದೇ ರಾತ್ರಿ ಅರ್ಜಿಯನ್ನು ಬರೆದನು. ದೃಢೀಕರಣ ಪತ್ರದ ಪ್ರತಿ, ಸಂಬಳದ ಚೀಟಿಗಳು, ಬಾಡಿಗೆಯ ಕರಾರು, ಆಸ್ಪತ್ರೆಯ ಮತ್ತು ಮರಣದ ಪತ್ರಗಳನ್ನು ಜೋಡಿಸಿದನು. ತನ್ನ ಮೇಲಧಿಕಾರಿಗೆ ಇದ್ದ ಸಂಗತಿಯನ್ನು ಬರೆದು ರಜೆಯನ್ನು ಮುಂದುವರಿಸಿಕೊಂಡನು, ಅವರು ಒಪ್ಪಿದರು. ಪ್ರಯಾಣ ಪತ್ರ ಬರಲು ಐದು ವಾರಗಳು ಹಿಡಿದವು. ಆ ಐದು ವಾರಗಳಲ್ಲಿ ಅವನು ತಂದೆಯ ಹೆಸರಿನಲ್ಲಿದ್ದ ಹೊಲದ ಖಾತೆ ಬದಲಾವಣೆಗೆ ಅರ್ಜಿ ಕೊಟ್ಟನು, ಅಡಕೆ ತೋಟಕ್ಕೆ ಹನಿ ನೀರಾವರಿಯ ಕೊಳವೆ ಹಾಕಿಸಿದನು, ತಾಯಿಯ ಕಣ್ಣಿನ ಪೊರೆಯನ್ನು ತೆಗೆಸಿದನು.

ಟೊರಾಂಟೊ ವಿಮಾನ ನಿಲ್ದಾಣದಲ್ಲಿ ಅಧಿಕಾರಿಯು ಪಾಸ್‌ಪೋರ್ಟಿನ ಚೀಟಿಯನ್ನು ನೋಡಿ, ಯಾತಕ್ಕಾಗಿ ಹೋಗಿದ್ದೆಯೆಂದು ಕೇಳಿದನಂತೆ. ತಂದೆ ತೀರಿಕೊಂಡರೆಂದು ಇವನು ಹೇಳಲು, ಒಂದು ಕ್ಷಣ ಸುಮ್ಮನಿದ್ದು, ಸಂತಾಪ ಸೂಚಿಸಿ ಮುದ್ರೆಯೊತ್ತಿ ಕೊಟ್ಟನು. ಎರಡು ನಿಮಿಷವೂ ಹಿಡಿಯಲಿಲ್ಲ. ಮನೆಗೆ ಹೋಗಿ ಅಂಚೆಪೆಟ್ಟಿಗೆಯನ್ನು ತೆಗೆದಾಗ ಕಾರ್ಡಿನ ಲಕೋಟೆ ಅಲ್ಲಿತ್ತು. ಅದು ಬಂದು ಒಂಬತ್ತು ದಿನಗಳಾಗಿದ್ದವೆಂದು ಮೇಲಿನ ಮುದ್ರೆಯಿಂದ ತಿಳಿಯಿತೆಂದು ತಾಯಿಗೆ ಫೋನಿನಲ್ಲಿ ಹೇಳಿದನು.